ಪರೀಕ್ಷೆ ಮುಗಿದ ಮೇಲೆ ಶುರುವಾಗುವ ಕರುಳು: ನ್ಯಾನೊ ಕಣ, ಮೀನುಮರಿ ಮತ್ತು ನಮ್ಮ ಕೆರೆಗಳು

ದಾವಣಗೆರೆಯ ಗೊಬ್ಬರದ ಅಂಗಡಿಯಲ್ಲಿ ‘ನ್ಯಾನೊ’ ಎಂದರೆ ಅರ್ಧ ಲೀಟರಿನ ಬಾಟಲಿ. ನೀರಿನ ಫಿಲ್ಟರ್ ಮಾರುವವರ ಬಾಯಲ್ಲಿ ಅದೇ ಮಾತು ಶುದ್ಧತೆಯ ಖಾತರಿ. ಪತ್ರಿಕೆಯ ವಿಜ್ಞಾನದ ಪುಟಕ್ಕೆ ಬಂದರೆ ಅದು ಮೀನುಮರಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಹಾಳುಗೆಡವುವ ಹೊಸ ಮಾಲಿನ್ಯ. ಇನ್ನೊಂದು ದಿನ ಅದೇ ಪುಟದಲ್ಲಿ, ಮೀನಿನ ಮೇವಿಗೆ ನ್ಯಾನೊ ಸೆಲೆನಿಯಂ ಬೆರೆಸಿದರೆ ಬೆಳವಣಿಗೆ ಚುರುಕಾಗುತ್ತದೆ ಎಂಬ ವರದಿ. ಓದುವವರು ಯಾವುದನ್ನು ನಂಬಬೇಕು?

ಎರಡೂ ಸುಳ್ಳಲ್ಲ. ಗೊಂದಲ ಇರುವುದು ‘ನ್ಯಾನೊ ವಿಷವೋ ಅಲ್ಲವೋ’ ಎಂದು ಕೇಳುವ ರೀತಿಯಲ್ಲಿ. ‘ಪುಡಿ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿದ ಹಾಗೆ ಅದು. ಅರಿಸಿನವೂ ಪುಡಿಯೇ, ಇಲಿಪಾಷಾಣವೂ ಪುಡಿಯೇ. ಯಾವ ವಸ್ತು, ಎಷ್ಟು, ಯಾವ ರೂಪದಲ್ಲಿ ಎಂದು ಕೇಳಬೇಕು. ಇವುಗಳ ಜೊತೆಗೆ ಮೀನಿನ ವಿಷಯದಲ್ಲಿ ನಾಲ್ಕನೆಯ ಪ್ರಶ್ನೆಯೂ ಇದೆ: ಅದರ ಬದುಕಿನ ಎಷ್ಟನೆಯ ದಿನ? ಈ ಲೇಖನ ಹೆಚ್ಚು ಹೊತ್ತು ನಿಲ್ಲುವುದು ಆ ನಾಲ್ಕನೆಯದರ ಬಳಿ. ಸುರಕ್ಷತೆಯ ಪರೀಕ್ಷೆಗಳು ಕೇಳದೆ ಬಿಟ್ಟಿರುವ ಪ್ರಶ್ನೆಯೂ ಅದೇ.

ಗಾತ್ರದ ಲೆಕ್ಕ

ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರಿನ ಒಳಗಿನ ಕಣಗಳನ್ನು ನ್ಯಾನೊ ಕಣ ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಸಾಮಾನ್ಯ ಬ್ಯಾಕ್ಟೀರಿಯಾ ಒಂದರ ಉದ್ದ ಸುಮಾರು 1,000. ಬ್ಯಾಕ್ಟೀರಿಯಾವನ್ನು ಎಮ್ಮೆ ಎಂದುಕೊಂಡರೆ ಈ ಕಣ ಅದರ ಮೈಗೆ ಕಚ್ಚಿದ ಉಣ್ಣೆ.

ಚಿಕ್ಕದಾಗುವುದರಿಂದ ವಸ್ತುವಿನ ಗುಣ ಏಕೆ ಬದಲಾಗುತ್ತದೆ? ಒಂದು ಸೆಂಟಿಮೀಟರ್ ಅಳತೆಯ ಬೆಳ್ಳಿಯ ಘನವೊಂದಿದೆ ಎನ್ನಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದೇ ಬೆಳ್ಳಿಯನ್ನು 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ತೂಕ ಅಷ್ಟೇ ಉಳಿಯುತ್ತದೆ, ಆದರೆ ಮೇಲ್ಮೈ 600 ಚದರ ಮೀಟರಿಗೆ ಏರುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ಆರು ಗುಂಟೆ ಜಾಗ. ಕರಗುವುದು, ಅಂಟಿಕೊಳ್ಳುವುದು, ಪಕ್ಕದ ವಸ್ತುವಿನೊಂದಿಗೆ ಪ್ರತಿಕ್ರಿಯಿಸುವುದು ಎಲ್ಲವೂ ಮೇಲ್ಮೈಯಲ್ಲೇ ನಡೆಯುವುದರಿಂದ, ಚಿಟಿಕೆ ಬೆಳ್ಳಿ ಬೊಗಸೆ ಬೆಳ್ಳಿಯ ಕೆಲಸ ಮಾಡುತ್ತದೆ.

ರಾತ್ರಿ ತಾಮ್ರದ ಬಿಂದಿಗೆಯಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿಯ ಹಿಂದಿರುವುದೂ ಇದೇ ರಸಾಯನ. ಲೋಹದಿಂದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ನಿಧಾನವಾಗಿ ನೀರಿಗೆ ಬಿಟ್ಟುಕೊಂಡು ಸೂಕ್ಷ್ಮಾಣುಗಳನ್ನು ಕೊಲ್ಲುತ್ತವೆ. ಬಿಂದಿಗೆಯ ಕೆಲಸವನ್ನು ಕಣ್ಣಿಗೆ ಕಾಣದ ಕೋಟಿಗಟ್ಟಲೆ ಬಿಂದಿಗೆಗಳಿಗೆ ಹಂಚಿದರೆ ಆಗುವುದೇ ನ್ಯಾನೊ ತಾಮ್ರ, ನ್ಯಾನೊ ಬೆಳ್ಳಿ. ಬೆವರಿನ ವಾಸನೆ ತಡೆಯುವ ಬಟ್ಟೆ, ಗಾಯದ ಪಟ್ಟಿ, ಫಿಲ್ಟರ್‌ಗಳಲ್ಲಿ ಬೆಳ್ಳಿಯ ಕಣ ಸೇರಿಸುವುದು ಇದಕ್ಕಾಗಿಯೇ. 2009ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಅಗ್ಗದ ಫಿಲ್ಟರೊಂದರಲ್ಲಿ ಭತ್ತದ ಹೊಟ್ಟಿನ ಬೂದಿಗೆ ನ್ಯಾನೊ ಬೆಳ್ಳಿ ಕೂರಿಸಿದ್ದರು. ಬ್ಯಾಕ್ಟೀರಿಯಾ ಕೊಲ್ಲಲೆಂದೇ ತಯಾರಾದ ವಸ್ತು ಬೇಕಾದ ಬ್ಯಾಕ್ಟೀರಿಯಾವನ್ನು ಬಿಟ್ಟು ಬೇಡವಾದುದನ್ನಷ್ಟೇ ಕೊಲ್ಲುತ್ತದೆ ಎಂದು ನಂಬಲು ಕಾರಣವಿಲ್ಲ. ಇಡೀ ಚರ್ಚೆ ಹುಟ್ಟಿದ್ದು ಈ ಸರಳ ಅನುಮಾನದಿಂದ.

ಎಲ್ಲ ಕಣಗಳೂ ಹೀಗೆ ಬೇಕೆಂದು ಮಾಡಿದವಲ್ಲ. ಬಣ್ಣ, ಟೂತ್‌ಪೇಸ್ಟ್‌ಗಳ ಬಿಳುಪಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡ್‌ನಲ್ಲಿ ಒಂದು ಪಾಲು ನ್ಯಾನೊ ಗಾತ್ರದ್ದು. ಇದನ್ನು ಆಹಾರದ ಬಣ್ಣವಾಗಿ ಬಳಸುವುದನ್ನು ಐರೋಪ್ಯ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಟೈರಿನ ರಬ್ಬರಿಗೆ ಸತುವಿನ ಆಕ್ಸೈಡ್ ಬೆರೆಸಿರುತ್ತಾರೆ. ಹೆದ್ದಾರಿಯಲ್ಲಿ ಟೈರು ಸವೆದಂತೆ ಅದರ ಧೂಳು ಮಳೆನೀರಿಗೆ ಸೇರುತ್ತದೆ. ಪ್ಲಾಸ್ಟಿಕ್ ಬಿಸಿಲಿಗೆ ಸಿಡಿದು ಸವೆದು ಕೊನೆಗೆ ನ್ಯಾನೊಪ್ಲಾಸ್ಟಿಕ್ ಆಗುತ್ತದೆ. ಯಾವುದೇ ಒಲೆಯ ಮಸಿಯಲ್ಲೂ ಈ ಗಾತ್ರದ ಕಣಗಳಿರುತ್ತವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರು ಸುಡುವ ದೂರುಗಳು ಹಿಂದೆ ಸುದ್ದಿಯಾದಾಗ ಎಲ್ಲರ ಗಮನ ಇದ್ದದ್ದು ಹೊಗೆಯ ಮೇಲೆ. ಹೊಗೆಯಲ್ಲಿದ್ದ ಮಸಿ, ಒಲೆಯಲ್ಲುಳಿದ ಬೂದಿ ಮಳೆ ಬಂದಾಗ ಎಲ್ಲಿಗೆ ಹರಿಯುತ್ತದೆ ಎಂಬುದು ಚರ್ಚೆಗೆ ಬರಲಿಲ್ಲ.

ಬುತ್ತಿ ಮುಗಿಯುವ ದಿನ

ಈ ವಿಷಯದ ಬಹುತೇಕ ಅಧ್ಯಯನಗಳು ನಡೆದಿರುವುದು ಜೀಬ್ರಾ ಮೀನಿನ ಮೇಲೆ. ಬೆರಳಿನ ಉದ್ದವೂ ಇಲ್ಲದ, ಮೈಮೇಲೆ ನೀಲಿ ಗೆರೆಗಳಿರುವ ಈ ಮೀನಿನ ಮೂಲ ನೆಲೆ ದಕ್ಷಿಣ ಏಷ್ಯಾದ ತೊರೆ, ಗದ್ದೆಗಳು. ಅದರ ಭ್ರೂಣ ಗಾಜಿನಷ್ಟು ಪಾರದರ್ಶಕ. ಹೃದಯ ಬಡಿಯುವುದು, ಕರುಳು ಮಿಸುಕುವುದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಿಗೆ ಇದು ಹತ್ತಿರದ ನೆಂಟ. ಇವುಗಳಿಗೆಲ್ಲ ಸಾಮಾನ್ಯವಾದ ಒಂದು ವಿಚಿತ್ರವೆಂದರೆ ಹೊಟ್ಟೆಯೇ, ಅಂದರೆ ಜಠರವೇ, ಇಲ್ಲದಿರುವುದು. ನುಂಗಿದ್ದೆಲ್ಲ ಆಮ್ಲದ ಕಾವಲು ದಾಟದೆ ನೇರ ಕರುಳಿಗೆ ಇಳಿಯುತ್ತದೆ.

ಜೀಬ್ರಾ ಮೀನಿನ ಮೊಟ್ಟೆ ಎರಡು ಮೂರು ದಿನಗಳಲ್ಲಿ ಒಡೆಯುತ್ತದೆ. ಮೊಟ್ಟೆಯೊಳಗಿರುವಾಗ ಕರುಳಿನಲ್ಲಿ ಒಂದು ಬ್ಯಾಕ್ಟೀರಿಯಾವೂ ಇರುವುದಿಲ್ಲ. ಹೊರಬಂದ ಮರಿ ಮೊದಲ ದಿನಗಳಲ್ಲಿ ಏನನ್ನೂ ತಿನ್ನುವುದಿಲ್ಲ. ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಮೂರನೆಯ ದಿನದ ಹೊತ್ತಿಗೆ ಬಾಯಿ ತೆರೆಯುತ್ತದೆ, ಐದನೆಯ ದಿನಕ್ಕೆ ಮರಿ ತಾನೇ ಬೇಟೆಯಾಡಲು ತೊಡಗುತ್ತದೆ. ಬಾಯಿ ತೆರೆದ ಕೂಡಲೇ ಸುತ್ತಲಿನ ನೀರಿನಲ್ಲಿರುವ, ಮೊದಲ ತುತ್ತಿನೊಡನೆ ಬರುವ ಬ್ಯಾಕ್ಟೀರಿಯಾಗಳು ಒಳಹೊಕ್ಕು ಜಾಗ ಹಿಡಿಯುತ್ತವೆ.

ಯಾರು ಮೊದಲು ಬಂದರು ಎಂಬುದು ಇಲ್ಲಿ ಮುಖ್ಯ. ಹಾಲಿಗೆ ಹೆಪ್ಪು ಹಾಕುವ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಒಳ್ಳೆಯ ಹೆಪ್ಪಿನ ಒಂದು ಚಮಚ ಮೊದಲು ಬಿದ್ದರೆ ಪಾತ್ರೆಯಿಡೀ ಗಟ್ಟಿ ಮೊಸರು. ಕೆಟ್ಟ ಹೆಪ್ಪು ಮೊದಲು ಬಿದ್ದರೆ ಆಮೇಲೆ ಎಷ್ಟು ಒಳ್ಳೆಯ ಮೊಸರು ಸುರಿದರೂ ಲೋಳೆ ಹೋಗುವುದಿಲ್ಲ. ಮೀನುಮರಿಯ ಕರುಳಿಗೆ ಹೆಪ್ಪು ಬೀಳುವುದು ಆ ನಾಲ್ಕಾರು ದಿನಗಳಲ್ಲಿ.

ಕಾಟ್ಲಾ, ರೋಹುಗಳಂಥ ನಮ್ಮ ಗೆಂಡೆ ಮೀನುಗಳಲ್ಲಿ ಈ ಅವಧಿ ಇನ್ನೂ ಇಕ್ಕಟ್ಟಿನದು. ಮೊಟ್ಟೆ 14ರಿಂದ 18 ಗಂಟೆಗಳಲ್ಲೇ ಒಡೆಯುತ್ತದೆ, ಹಳದಿ ಚೀಲ ಮೂರು ದಿನಗಳಲ್ಲಿ ಕರಗುತ್ತದೆ. ಮೀನು ಸಾಕುವವರು ‘ಸ್ಪಾನ್’ ಎಂದು ಕರೆಯುವ ಈ ಸಣ್ಣ ಮರಿಯನ್ನು ಮರಿ ಉತ್ಪಾದನಾ ಕೇಂದ್ರದಿಂದ ನರ್ಸರಿ ಕೊಳಕ್ಕೆ ಸಾಗಿಸುವುದು ಸರಿಯಾಗಿ ಆ ಹೊತ್ತಿಗೆ. ಭದ್ರಾ ಜಲಾಶಯದ ಬುಡದಲ್ಲಿರುವ ಬಿ.ಆರ್. ಪ್ರಾಜೆಕ್ಟ್‌ನಂಥ ಕೇಂದ್ರಗಳಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹೊರಟ ಮರಿ ತನ್ನ ಮೊದಲ ತುತ್ತನ್ನು ನುಂಗುವುದು ಶುದ್ಧ ನೀರಿನ ತೊಟ್ಟಿಯಲ್ಲಿ ಅಲ್ಲ, ರೈತನ ಕೊಳದಲ್ಲಿ. ಹೆಪ್ಪು ಯಾವುದು ಎಂಬುದನ್ನು ಆ ಕೊಳದ ನೀರೇ ತೀರ್ಮಾನಿಸುತ್ತದೆ.

ಬ್ಯಾಕ್ಟೀರಿಯಾ ಇಲ್ಲದ ಮೀನು ಹೇಗಿರುತ್ತದೆ?

ಕರುಳಿನ ಬ್ಯಾಕ್ಟೀರಿಯಾ ಎಂದರೆ ಜೀರ್ಣಕ್ಕೆ ನೆರವಾಗುವ ಆಳುಗಳು ಎಂದಷ್ಟೇ ತಿಳಿದಿದ್ದ ಕಾಲವೊಂದಿತ್ತು. ಮೊಟ್ಟೆಯ ಹೊರಮೈಯನ್ನು ತೊಳೆದು, ಸೂಕ್ಷ್ಮಾಣುಗಳೇ ಇಲ್ಲದ ನೀರಿನಲ್ಲಿ ಜೀಬ್ರಾ ಮೀನನ್ನು ಬೆಳೆಸುವ ವಿಧಾನ ಕೈಗೆ ಬಂದ ಮೇಲೆ ಆ ತಿಳಿವಳಿಕೆ ಬದಲಾಯಿತು. 2004ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಬ್ಯಾಕ್ಟೀರಿಯಾ ಇರುವ ಮರಿ, ಇಲ್ಲದ ಮರಿಗಳನ್ನು ಹೋಲಿಸಿ, 212 ಜೀನ್‌ಗಳ ಚಟುವಟಿಕೆ ಬ್ಯಾಕ್ಟೀರಿಯಾಗಳ ಇರುವಿಕೆಯಿಂದ ಬದಲಾಗುತ್ತದೆ ಎಂದು ತೋರಿಸಿತು. ಎರಡು ವರ್ಷಗಳ ನಂತರದ ಮತ್ತೊಂದು ಅಧ್ಯಯನದಲ್ಲಿ ಕಂಡದ್ದು, ಬ್ಯಾಕ್ಟೀರಿಯಾ ಇಲ್ಲದ ಮರಿಯ ಕರುಳಿನ ಒಳಪದರ ಪೂರ್ಣವಾಗಿ ಪಕ್ವವಾಗುವುದೇ ಇಲ್ಲ ಎಂಬುದು. ಆಹಾರದ ಕೊಬ್ಬನ್ನು ಕರುಳು ಹೀರಿಕೊಳ್ಳುವುದಕ್ಕೂ ಬ್ಯಾಕ್ಟೀರಿಯಾಗಳ ನೆರವಿದೆ ಎಂದು 2012ರಲ್ಲಿ ಗೊತ್ತಾಯಿತು.

ಇವುಗಳಲ್ಲೆಲ್ಲ ಹೆಚ್ಚು ಬೆರಗು ಹುಟ್ಟಿಸುವುದು 2016ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ಕಂಡುಕೊಂಡದ್ದು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಮರಿಯ ಮೊದಲ ದಿನಗಳಲ್ಲಿ ವೃದ್ಧಿಯಾಗಬೇಕು. ಬ್ಯಾಕ್ಟೀರಿಯಾ ಇಲ್ಲದ ಮರಿಯಲ್ಲಿ ಆ ವೃದ್ಧಿ ಆಗುವುದಿಲ್ಲ. ಏರೋಮೊನಾಸ್ ಕುಲದ ಬ್ಯಾಕ್ಟೀರಿಯಾವೊಂದು ಸ್ರವಿಸುವ ಒಂದು ಪ್ರೋಟೀನನ್ನು ಕೊಟ್ಟರೆ ಸಾಕು, ಕೋಶಗಳು ಹೆಚ್ಚುತ್ತವೆ. ಅಂದರೆ ಬಾಡಿಗೆದಾರ ಮನೆಯ ಗೋಡೆ ಕಟ್ಟುವುದರಲ್ಲೂ ಕೈಜೋಡಿಸಿದ್ದಾನೆ. ಅವನು ಬರುವುದು ತಡವಾದರೆ ಗೋಡೆಯೂ ತಡ.

ಕಣ ಒಳಹೊಕ್ಕಾಗ

ಕಣಗಳಿಗೆ ಬಾಯಿ ತೆರೆಯುವವರೆಗೂ ಕಾಯುವ ಅಗತ್ಯವಿಲ್ಲ. ಮೊಟ್ಟೆಯ ಹೊರಪೊರೆಯಲ್ಲಿ ಅರ್ಧ ಮೈಕ್ರೊಮೀಟರಿಗಿಂತ ತುಸು ದೊಡ್ಡ ರಂಧ್ರಗಳಿರುತ್ತವೆ. ಬೆಳ್ಳಿಯ ನ್ಯಾನೊ ಕಣಗಳು ಅವುಗಳ ಮೂಲಕ ಒಳಗೆ ಸೇರುವುದನ್ನು 2007ರಲ್ಲೇ ಗಮನಿಸಿದ್ದಾರೆ. ಸುಮಾರು 50 ನ್ಯಾನೊಮೀಟರಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕಣಗಳು ಮೊದಲು ಹಳದಿ ಚೀಲದಲ್ಲಿ ಸೇರಿ, ಅಲ್ಲಿಂದ ಕರುಳು, ಪಿತ್ತಕೋಶ, ಯಕೃತ್ತು, ಹೃದಯ, ಮಿದುಳಿನವರೆಗೆ ಹೋದದ್ದನ್ನು 2018ರ ಅಧ್ಯಯನವೊಂದು ದಾಖಲಿಸಿದೆ. ಅದೇ ತಂಡ ತಾಯಿಯ ಆಹಾರದಲ್ಲಿದ್ದ ಕಣ ಮರಿಗೆ ದಾಟುವುದನ್ನೂ ತೋರಿಸಿತು. ಬುತ್ತಿಯಲ್ಲೇ ಕಲ್ಲು ಸಿಕ್ಕಂತೆ.

ಕರುಳು ತಲುಪಿದ ಕಣ ಕೆಲಸ ಮಾಡುವ ದಾರಿ ಒಂದೇ ಅಲ್ಲ. ಬೆಳ್ಳಿ, ತಾಮ್ರ, ಸತುವಿನ ಕಣಗಳು ಅಯಾನು ಬಿಟ್ಟು ಬ್ಯಾಕ್ಟೀರಿಯಾದ ಪೊರೆ, ಕಿಣ್ವಗಳನ್ನು ಕೆಡಿಸುತ್ತವೆ. ಟೈಟಾನಿಯಂ ಡೈಆಕ್ಸೈಡ್ ಕತ್ತಲಲ್ಲಿ ಬಹುಮಟ್ಟಿಗೆ ಸಾಧು. ಬಿಸಿಲು ಬಿದ್ದರೆ ಉಗ್ರ ಆಮ್ಲಜನಕದ ಅಣುಗಳನ್ನು ಹುಟ್ಟಿಸುತ್ತದೆ. ಪ್ಲಾಸ್ಟಿಕ್ ಕಣ ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲದಿದ್ದರೂ ಕರುಳಿನ ಒಳಪದರವನ್ನು ಕೆರಳಿಸಿ ಉರಿಯೂತ ತರಬಹುದು. ಉರಿಯೂತವಾದ ಕರುಳಿನಲ್ಲಿ ಲೋಳೆ, ಆಮ್ಲಜನಕ, ಆಹಾರದ ಸ್ಥಿತಿ ಬದಲಾಗುತ್ತದೆ. ಆ ಸ್ಥಿತಿಗೆ ಒಗ್ಗುವವರು ಉಳಿಯುತ್ತಾರೆ, ಒಗ್ಗದವರು ಜಾಗ ಬಿಡುತ್ತಾರೆ.

2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೆಳೆದ ಜೀಬ್ರಾ ಮೀನುಗಳಿಗೆ 14 ದಿನ ನ್ಯಾನೊ ಲೋಹ ಬೆರೆಸಿದ ಮೇವು ಕೊಟ್ಟರು. ತಾಮ್ರದ ಕಣ ತಿಂದ ಮೀನುಗಳ ಕರುಳಿನಲ್ಲಿ ಸಿಟೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಪತ್ತೆಯಾಗದ ಮಟ್ಟಕ್ಕೆ ಇಳಿಯಿತು. ಗೆಂಡೆ ಜಾತಿಯ ಮೀನುಗಳಿಗೆ ಬಿ12 ಜೀವಸತ್ವ ಒದಗಿಸುವ ಬ್ಯಾಕ್ಟೀರಿಯಾ ಇದು. ಬೆಳ್ಳಿಯ ಪೆಟ್ಟು ಅಷ್ಟು ಜೋರಾಗಿರಲಿಲ್ಲ. ‘ನ್ಯಾನೊ’ ಎಂಬ ಒಂದೇ ಪದದಡಿ ಎಲ್ಲವನ್ನೂ ತುರುಕಿದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಎಳೆಯ ಮರಿಗಳ ಬಗ್ಗೆ ಗಮನಿಸಬೇಕಾದದ್ದು ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ 2020ರ ಅಧ್ಯಯನ. ಬ್ಯಾಕ್ಟೀರಿಯಾ ಇರುವ ಮತ್ತು ಇಲ್ಲದ ಮರಿಗಳನ್ನು ಎರಡು ದಿನ ನ್ಯಾನೊ ಬೆಳ್ಳಿಗೆ ಒಡ್ಡಿದಾಗ, ಬ್ಯಾಕ್ಟೀರಿಯಾ ಇಲ್ಲದ ಮರಿಗಳೇ ಹೆಚ್ಚು ಸತ್ತವು, ಅದೂ ಬಹುತೇಕ ಮೊದಲ ದಿನವೇ. ಕರಗಿದ ಬೆಳ್ಳಿಯ ಅಯಾನಿಗೆ ಒಡ್ಡಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಣರೂಪದ ಬೆಳ್ಳಿಯ ವಿರುದ್ಧ ಮರಿಗೆ ಗುರಾಣಿಯಾಗಿದ್ದದ್ದು ಅದರ ಬ್ಯಾಕ್ಟೀರಿಯಾ. ಅವು ಉರಿಯೂತದ ಪ್ರತಿಕ್ರಿಯೆಯನ್ನು ಹದದಲ್ಲಿಡುತ್ತಿದ್ದವು. ಈಗ ಎರಡೂ ತುದಿಗಳನ್ನು ಜೋಡಿಸಿ ನೋಡಿ. ಬ್ಯಾಕ್ಟೀರಿಯಾ ಮರಿಯನ್ನು ಕಣದಿಂದ ಕಾಯುತ್ತದೆ, ಕಣ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ಗುರಾಣಿ ಕೈಗೆ ಬರುವ ಮೊದಲೇ ಬಾಣ ಬಂದರೆ ಏನು ಗತಿ ಎಂಬುದೇ ‘ಎಷ್ಟನೆಯ ದಿನ’ ಎಂಬ ಪ್ರಶ್ನೆಯ ಒಳತಿರುಳು.

‘ಇದೆಲ್ಲ ಪ್ರಯೋಗಾಲಯದ ಮಾತು’

ಹೀಗೆ ಹೇಳುವವರನ್ನು ಕಂಪನಿಗಳ ವಕೀಲರು ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅವರ ವಾದದಲ್ಲಿ ಹುರುಳಿದೆ.

ಮೊದಲನೆಯದು ಪ್ರಮಾಣ. ಪ್ರಯೋಗಗಳಲ್ಲಿ ಲೀಟರಿಗೆ ಮಿಲಿಗ್ರಾಂಗಳಷ್ಟು ಕಣ ಬಳಸುವುದು ಸಾಮಾನ್ಯ. ನದಿ, ಕೆರೆಗಳಲ್ಲಿ ನ್ಯಾನೊ ಬೆಳ್ಳಿ ಇರಬಹುದೆಂದು ಲೆಕ್ಕ ಹಾಕಿರುವುದು ಲೀಟರಿಗೆ ನ್ಯಾನೊಗ್ರಾಂಗಳಲ್ಲಿ. ಇವೆರಡರ ನಡುವೆ ಹತ್ತು ಲಕ್ಷ ಪಟ್ಟು ಅಂತರ. ಮೇಲೆ ಹೇಳಿದ ತಾಮ್ರದ ಪ್ರಯೋಗದಲ್ಲೂ ಕಿಲೋ ಮೇವಿಗೆ 500 ಮಿಲಿಗ್ರಾಂ ಕಣ ಬೆರೆಸಿದ್ದರು. ಯಾವ ಕೆರೆಯ ಮೀನೂ ಅಂಥ ಊಟ ಮಾಡುವುದಿಲ್ಲ.

ಎರಡನೆಯದು ರೂಪ. ಕಣ ಕಾರ್ಖಾನೆಯಿಂದ ಹೊರಟಂತೆಯೇ ಕೆರೆ ತಲುಪುವುದಿಲ್ಲ. ಚರಂಡಿಯ ಗಂಧಕದೊಡನೆ ಸೇರಿ ಬೆಳ್ಳಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಅದು ಕರಗುವುದು ತೀರಾ ಕಡಿಮೆ, ವಿಷವೂ ಕಡಿಮೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ತಳ ಸೇರುತ್ತವೆ. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಯ ನೀರಿನ ಗಡಸುತನವನ್ನು ಪಾತ್ರೆಯ ತಳದ ಬಿಳಿ ಪದರದಲ್ಲಿ ದಿನವೂ ನೋಡುವವರಿಗೆ ಈ ದೋಷವೂ ಒಂದು ಗುಣ ಎನ್ನಿಸಬಹುದು. ಆದರೆ ಎಲೆ, ಸೊಪ್ಪು ಕೊಳೆತು ಕಂದು ಬಣ್ಣಕ್ಕೆ ತಿರುಗಿದ ಕೆರೆಯ ನೀರಿನಲ್ಲಿ ಇದಕ್ಕೆ ಉಲ್ಟಾ ನಡೆಯುತ್ತದೆ. ಸಾವಯವ ವಸ್ತು ಕಣದ ಸುತ್ತ ಹೊದಿಕೆಯಾಗಿ ಅದನ್ನು ತೇಲಿಸಿಡುತ್ತದೆ.

ಮೂರನೆಯದು ಪ್ರಯೋಗದ ದೋಷ. ಮಾರಾಟಕ್ಕೆ ಸಿಗುವ ನ್ಯಾನೊಪ್ಲಾಸ್ಟಿಕ್ ದ್ರಾವಣಗಳಲ್ಲಿ ಕೆಡದಂತೆ ಸೋಡಿಯಂ ಅಜೈಡ್ ಎಂಬ ವಿಷ ಬೆರೆಸಿರುತ್ತಾರೆ. ನೀರಿನ ಚಿಗಟ ಎನ್ನಬಹುದಾದ ಡಾಫ್ನಿಯಾಗಳ ಮೇಲಿನ 2019ರ ಪರೀಕ್ಷೆಯೊಂದರಲ್ಲಿ, ಸಾವಿಗೆ ಕಾರಣ ಪ್ಲಾಸ್ಟಿಕ್ ಕಣವಲ್ಲ, ತೊಳೆಯದೆ ಉಳಿದ ಈ ರಾಸಾಯನಿಕ ಎಂದು ತಿಳಿದುಬಂತು. ಅದಕ್ಕೂ ಹಿಂದಿನ ಎಷ್ಟೋ ಫಲಿತಾಂಶಗಳನ್ನು ಈಗ ಎಚ್ಚರದಿಂದ ಓದಬೇಕಾಗಿದೆ.

ನ್ಯಾನೊ ಮೇವಿನ ಪರವಾಗಿರುವವರ ವಾದವೂ ಇದಕ್ಕೆ ಸೇರುತ್ತದೆ. ಸೆಲೆನಿಯಂ, ಸತು ಮೀನಿಗೆ ಬೇಕೇ ಬೇಕಾದ ಪೋಷಕಾಂಶಗಳು. ನ್ಯಾನೊ ರೂಪದಲ್ಲಿ ಕೊಟ್ಟರೆ ಕಡಿಮೆ ಪ್ರಮಾಣ ಸಾಕಾಗುತ್ತದೆ. ಬೆಳೆದ ಮೀನಿಗೆ, ಅಳತೆ ಮಾಡಿ, ಮೇವಿನಲ್ಲಿ ಕೊಡುವ ಮಾತು ಅದು. ನಾಲ್ಕು ದಿನದ ಮರಿಗೆ, ಅಳತೆ ಇಲ್ಲದೆ, ಚರಂಡಿ ನೀರಿನೊಡನೆ ಬರುವುದಕ್ಕೆ ಆ ಸಮರ್ಥನೆ ಅನ್ವಯಿಸುವುದಿಲ್ಲ.

ಹಾಗಾದರೆ ನೀರಿನಲ್ಲಿ ಪ್ರಮಾಣ ಕಡಿಮೆ ಇದ್ದರೆ ನಿಶ್ಚಿಂತೆಯೇ? ಇಲ್ಲಿ ಒಂದು ಕೊಂಡಿಯನ್ನು ಮರೆಯಬಾರದು. ಮೀನುಮರಿಯ ಮೊದಲ ಆಹಾರ ಪ್ರಾಣಿ ಪ್ಲವಕ: ರೋಟಿಫರ್, ಡಾಫ್ನಿಯಾ ಮುಂತಾದ ಸೂಕ್ಷ್ಮ ಜೀವಿಗಳು. ಇವು ದಿನವಿಡೀ ನೀರನ್ನು ಸೋಸಿ ತಿನ್ನುತ್ತವೆ. ಸೋಸುವಾಗ ಕಣಗಳೂ ಅವುಗಳ ಕರುಳಿನಲ್ಲಿ ಸೇರಿಕೊಳ್ಳುತ್ತವೆ. ನೀರಿನಲ್ಲಿ ಚದುರಿದ್ದದ್ದು ತುತ್ತಿನಲ್ಲಿ ಒಟ್ಟಾಗುತ್ತದೆ. ಲೀಟರಿನ ಲೆಕ್ಕ ಮಾತ್ರ ನೋಡಿದರೆ ಈ ತುತ್ತಿನ ಲೆಕ್ಕ ಸಿಗುವುದಿಲ್ಲ.

ಮುಂಗಾರು, ಮರಿ, ಮೊದಲ ನೀರು

ಕಾಟ್ಲಾ, ರೋಹುಗಳ ಸಂತಾನದ ಕಾಲ ಮುಂಗಾರು. 1957ರಲ್ಲಿ ಒಡಿಶಾದಲ್ಲಿ ಚುಚ್ಚುಮದ್ದಿನ ಮೂಲಕ ಗೆಂಡೆಗಳಿಂದ ಮೊಟ್ಟೆ ಇಡಿಸುವ ವಿಧಾನ ಕೈಗೂಡಿದ ಜುಲೈ 10ನ್ನೇ ಇಂದಿಗೂ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರಿ ಉತ್ಪಾದನೆ, ಆಮೇಲೆ ಕೆರೆಗಳಿಗೆ ಬಿತ್ತನೆ. ಕೆರೆಗಳಿಗೆ ವರ್ಷದ ಅತಿ ಕೊಳಕು ನೀರು ಬರುವುದೂ ಆಗಲೇ. ಬೇಸಿಗೆಯಿಡೀ ರಸ್ತೆ, ಛಾವಣಿ, ಚರಂಡಿ, ತಿಪ್ಪೆಗಳಲ್ಲಿ ಕೂತದ್ದನ್ನೆಲ್ಲ ಮೃಗಶಿರಾ, ಆರಿದ್ರಾ ಮಳೆ ಒಂದೇ ಸಲ ಬಳಿದು ತರುತ್ತದೆ. ಮರಿ ಬಾಯಿ ತೆರೆಯುವ ವಾರವೂ ಊರು ತನ್ನ ಕೊಳೆ ತೊಳೆಯುವ ವಾರವೂ ಒಂದೇ ಆಗಿರುವುದು ಪ್ರಕೃತಿಯ ತಪ್ಪಲ್ಲ. ಮೊದಲ ನೀರಿನಲ್ಲಿ ಗೋಡು ಮಣ್ಣು, ಗೊಬ್ಬರ ಮಾತ್ರ ಇದ್ದ ಕಾಲದಲ್ಲಿ ಅದೇ ಮೀನಿನ ಮರಿಗಳಿಗೆ ಹಬ್ಬದೂಟವಾಗಿತ್ತು.

ಕೆರೆಗಳ ಭೂಗೋಳವೂ ಬದಲಾಗಿದೆ. ಹಿಂದೆ ಜಗಳೂರಿನ ಕೆರೆಗೆ ಜಗಳೂರಿನ ಗುಡ್ಡದ ನೀರು, ಭರಮಸಾಗರದ ಕೆರೆಗೆ ಅದರ ಹಳ್ಳದ ನೀರು. ಈಗ ಜಗಳೂರು ಭಾಗದ 57 ಕೆರೆ, ಭರಮಸಾಗರ ಭಾಗದ 43 ಕೆರೆ ತುಂಬಿಸುವ ಏತ ಯೋಜನೆಗಳಿಗೆ ಮೂಲ ತುಂಗಭದ್ರೆ. ಬರಡು ಸೀಮೆಗೆ ಇದು ಜೀವದಾನ. ಅದರಲ್ಲಿ ಎರಡು ಮಾತಿಲ್ಲ. ಜೊತೆಗೇ ನೆನಪಿಡಬೇಕಾದದ್ದು, ಪಂಪಿನ ಬಾಯಿಗೆ ಬರುವ ನೀರು ಶಿವಮೊಗ್ಗ, ಭದ್ರಾವತಿಗಳನ್ನು ದಾಟಿ ಬಂದದ್ದು. ಒಂದು ನದಿಯ ಗುಣ ಈಗ ನೂರು ಕೆರೆಗಳ ಗುಣ. 1980ರ ದಶಕದಲ್ಲಿ ಹರಿಹರದ ಆಸುಪಾಸಿನ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ಅದು ನದಿದಂಡೆಯವರ ಸಂಕಟವಾಗಿತ್ತು.

ವಾಣಿವಿಲಾಸ ಸಾಗರದ ಸ್ಥಿತಿ ಬೇರೆ. ವೇದಾವತಿಗೆ ಕಟ್ಟಿದ ಈ ಅಣೆಕಟ್ಟು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಒಳಬಂದ ಕಣಕ್ಕೆ ಕೋಡಿಯ ಮೇಲಿಂದ ಹೊರದಾರಿ ಇರಲಿಲ್ಲ. ನಾಲೆಗೆ ಹರಿಯದೆ ಉಳಿದದ್ದು ಹೂಳಿನಲ್ಲಿ ಕೂತಿದೆ. ಹೂಳಿನಲ್ಲಿ ಆಮ್ಲಜನಕ ಇಲ್ಲದಿರುವಷ್ಟು ದಿನ ಬೆಳ್ಳಿ, ಸತುಗಳು ಸಲ್ಫೈಡಾಗಿ ಮಲಗಿರುತ್ತವೆ. ಹೂಳು ಕದಡಿದರೆ ಅದು ಬದಲಾಗಬಹುದು. ಹರಿಯುವ ನದಿಯ ಲೆಕ್ಕವನ್ನು ನಿಂತ ನೀರಿಗೆ ಹಾಕಲಾಗದು ಎಂಬುದಕ್ಕೆ ಇದು ಉದಾಹರಣೆ.

ರೈತರು ಕೇಳುವ ಪ್ರಶ್ನೆ ಇನ್ನೊಂದು: ಮೆಕ್ಕೆಜೋಳಕ್ಕೆ ಹೊಡೆಯುವ ನ್ಯಾನೊ ಯೂರಿಯಾ? 2021ರಿಂದ ಮಾರುಕಟ್ಟೆಯಲ್ಲಿರುವ ಅದರ ಇಳುವರಿಯ ಬಗ್ಗೆ ಕೃಷಿ ವಿಜ್ಞಾನಿಗಳಲ್ಲೇ ಜಗಳವಿದೆ. ಅದು ಬೇರೆ ಕಥೆ. ಮೀನಿನ ಕರುಳಿನ ಮಟ್ಟಿಗೆ ಯೂರಿಯಾ ನೀರಿನಲ್ಲಿ ಕರಗಿಹೋಗುವ ವಸ್ತು, ಬೆಳ್ಳಿ ತಾಮ್ರಗಳ ಹಾಗೆ ಬ್ಯಾಕ್ಟೀರಿಯಾ ಕೊಲ್ಲುವುದಲ್ಲ. ಅನುಮಾನ ಇಡಬೇಕಾದದ್ದು ಲೋಹದ ನ್ಯಾನೊ ಸಿಂಪಡಣೆಗಳ ಮೇಲೆ. ತಾಮ್ರವಂತೂ ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಬೋರ್ಡೊ ದ್ರಾವಣದ ರೂಪದಲ್ಲಿ ಹಳೆಯ ಪರಿಚಯ. ಹೊಸದು ಗಾತ್ರ ಮಾತ್ರ, ಆದರೆ ಆರು ಗುಂಟೆಯ ಲೆಕ್ಕ ಮರೆಯಬಾರದು.

ಅಳತೆಗೋಲು ಎಲ್ಲಿ ತಪ್ಪುತ್ತದೆ

ಈಗ ಮೊದಲು ಹೇಳಿದ ನಾಲ್ಕನೆಯ ಪ್ರಶ್ನೆಗೆ ಮರಳೋಣ. ರಾಸಾಯನಿಕವೊಂದು ಮೀನಿನ ಭ್ರೂಣಕ್ಕೆ ಹಾನಿಕರವೇ ಎಂದು ನೋಡಲು ಜಗತ್ತಿನ ಬಹುತೇಕ ಕಡೆ ಬಳಸುವುದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2013ರಲ್ಲಿ ಒಪ್ಪಿದ 236ನೇ ಸಂಖ್ಯೆಯ ಪರೀಕ್ಷೆ. ಜೀಬ್ರಾ ಮೀನಿನ ಮೊಟ್ಟೆಯನ್ನು 96 ಗಂಟೆ ಒಡ್ಡಿ ನಾಲ್ಕು ಲಕ್ಷಣ ನೋಡುತ್ತಾರೆ: ಮೊಟ್ಟೆ ಹೆಪ್ಪುಗಟ್ಟಿತೇ, ದೇಹದ ಖಂಡಗಳು ಮೂಡಿದವೇ, ಬಾಲ ಬಿಡಿಸಿಕೊಂಡಿತೇ, ಹೃದಯ ಬಡಿಯುತ್ತಿದೆಯೇ. ನಾಲ್ಕೂ ಸರಿ ಇದ್ದರೆ ಮರಿ ಪಾಸು.

96 ಗಂಟೆ ಎಂದರೆ ನಾಲ್ಕು ದಿನ. ಜೀಬ್ರಾ ಮೀನಿನ ಮರಿ ತಾನೇ ತಿನ್ನಲು ತೊಡಗುವುದು ಐದನೆಯ ದಿನ. ಕರುಳಿಗೆ ಬ್ಯಾಕ್ಟೀರಿಯಾಗಳು ಬಂದು ನೆಲೆಸುವ ನಾಟಕ ಇನ್ನೂ ಮೊದಲ ಅಂಕದಲ್ಲಿರುವಾಗಲೇ ಪರೀಕ್ಷಕರು ಮನೆಗೆ ಹೋಗಿರುತ್ತಾರೆ. ಇದರ ಹಿಂದೆ ದುರುದ್ದೇಶವಿಲ್ಲ. ಐರೋಪ್ಯ ನಿಯಮದಂತೆ ಸ್ವತಂತ್ರವಾಗಿ ತಿನ್ನಲು ಆರಂಭಿಸಿದ ಮೀನುಮರಿಯನ್ನು ‘ಪ್ರಾಣಿ’ ಎಂದು ಪರಿಗಣಿಸುತ್ತಾರೆ; ಅದಕ್ಕೂ ಮುಂಚೆ ಪ್ರಯೋಗ ಮುಗಿಸಿದರೆ ಪ್ರಾಣಿ ಪ್ರಯೋಗದ ಅನುಮತಿಗಳ ಗೋಜಿಲ್ಲ. ಸದುದ್ದೇಶದ ನಿಯಮವೊಂದು ಅರಿವಿಲ್ಲದೆ ಕುರುಡು ಜಾಗವೊಂದನ್ನು ಸೃಷ್ಟಿಸಿದೆ.

ನಮ್ಮಲ್ಲಿ ನೀರಿನ ಅಳತೆಗೋಲು ಇನ್ನೂ ಒರಟು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ತಕ್ಕ ‘ಡಿ’ ದರ್ಜೆಯ ನೀರಿಗೆ ಬೇಕಾದದ್ದು ಮೂರೇ ಅಂಶ: ಆಮ್ಲ-ಕ್ಷಾರ ಗುಣ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಲೋಹದ ಮಾತೇ ಇಲ್ಲ. ಕುಡಿಯುವ ನೀರಿನ 2012ರ ಭಾರತೀಯ ಮಾನಕದಲ್ಲಿ ಬೆಳ್ಳಿಗೆ ಲೀಟರಿಗೆ 0.1 ಮಿಲಿಗ್ರಾಂ ಮಿತಿ ಇದೆ, ಆದರೆ ಅದು ಒಟ್ಟು ತೂಕದ ಲೆಕ್ಕ. ಬೆಳ್ಳಿ ಕರಗಿದೆಯೋ ಕಣವಾಗಿದೆಯೋ ಎಂದು ಅದು ಕೇಳುವುದಿಲ್ಲ. ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳನ್ನು ಹೇಗೆ ಪರಿಶೀಲಿಸಬೇಕೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ಮಾರ್ಗಸೂಚಿ ನೋಡುವುದು ಉತ್ಪನ್ನವನ್ನು. ಒಗೆದ ಬಟ್ಟೆಯಿಂದ, ಸವೆದ ಟೈರಿನಿಂದ ಕೆರೆಗೆ ಬಂದದ್ದು ಯಾವ ಉತ್ಪನ್ನವೂ ಅಲ್ಲ. ಬೆಳ್ಳಿ ಹಾಕಿದ ಕೆಲವು ಕಾಲುಚೀಲಗಳು ನಾಲ್ಕೇ ಒಗೆತಗಳಲ್ಲಿ ಬಹುಪಾಲು ಬೆಳ್ಳಿ ಕಳೆದುಕೊಂಡವು ಎಂದು ಅಮೆರಿಕದ ಸಂಶೋಧಕರು 2008ರಲ್ಲೇ ಬರೆದಿದ್ದರು.

ಮುಂದೇನಾಗಬಹುದು

ನ್ಯಾನೊ ಕಣಗಳಿಂದ ಒಂದು ಬೆಳಿಗ್ಗೆ ಕೆರೆಯ ಮೀನೆಲ್ಲ ಸತ್ತು ತೇಲುವ ದೃಶ್ಯವನ್ನು ಯಾರೂ ನಿರೀಕ್ಷಿಸಬೇಕಿಲ್ಲ. ಬೇಸಿಗೆಯಲ್ಲಿ, ಮೋಡ ಕವಿದ ಮುಂಜಾವಿನಲ್ಲಿ ಮೀನು ಸತ್ತರೆ ಮೊದಲು ನೋಡಬೇಕಾದದ್ದು ಆಮ್ಲಜನಕ, ಆಮೇಲೆ ಚರಂಡಿ, ಆಮೇಲೆ ಕೀಟನಾಶಕ. ಪ್ರತಿ ಸಾವಿಗೂ ಹೊಸ ಹೆಸರಿನ ಶತ್ರುವನ್ನು ಹುಡುಕಿದರೆ ಹಳೆಯ ಶತ್ರುಗಳು ಆರಾಮಾಗಿರುತ್ತಾರೆ.

ಕರುಳಿನ ಬ್ಯಾಕ್ಟೀರಿಯಾದ ಹಾನಿ ಕಾಣಿಸುವುದು ಬೇರೆ ಬಗೆಯಲ್ಲಿ. ಒಳ್ಳೆಯ ಬ್ಯಾಕ್ಟೀರಿಯಾ ಬಿಟ್ಟ ಜಾಗಕ್ಕೆ ಅವಕಾಶವಾದಿಗಳು ಬರುತ್ತವೆ. ಬೀಟಾ ಕೋಶಗಳಿಗೆ ನೆರವಾದ ಏರೋಮೊನಾಸ್ ಕುಲದಲ್ಲೇ ಗೆಂಡೆಗಳಿಗೆ ಹೊಟ್ಟೆ ಉಬ್ಬರ, ಹುಣ್ಣು ತರುವ ಜಾತಿಗಳೂ ಇವೆ. ಲೋಹಕ್ಕೆ ಒಗ್ಗಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಪ್ರತಿಜೀವಕಗಳನ್ನು ತಡೆದುಕೊಳ್ಳುವ ಜೀನ್‌ಗಳೂ ಒಟ್ಟೊಟ್ಟಿಗೆ ಹರಡುವುದು ಗೊತ್ತಿರುವ ಸಂಗತಿ. ಅಂದರೆ ರೋಗ ಹೆಚ್ಚಬಹುದು, ಔಷಧ ಕಡಿಮೆ ನಾಟಬಹುದು, ಮೀನು ನಿಧಾನವಾಗಿ ಬೆಳೆಯಬಹುದು. ನರ್ಸರಿ ಕೊಳದಲ್ಲಿ ಬಿಟ್ಟ ಸ್ಪಾನ್‌ನಲ್ಲಿ ಅರ್ಧದಷ್ಟು ಉಳಿದರೇ ಒಳ್ಳೆಯ ಫಲ ಎನ್ನುವ ವೃತ್ತಿಯಿದು. ಉಳಿದರ್ಧ ಏಡಿ, ಕಪ್ಪೆ, ನೀರುಹುಳುಗಳ ಲೆಕ್ಕಕ್ಕೆ ಹೋಗುತ್ತದೆ. ಆ ದೊಡ್ಡ ನಷ್ಟದೊಳಗೆ ನೂರಕ್ಕೆ ಐದೋ ಹತ್ತೋ ಹೆಚ್ಚಾದರೆ ಕೆರೆ ಟೆಂಡರ್ ಹಿಡಿದ ಸಹಕಾರ ಸಂಘಕ್ಕೆ ಅದು ‘ಈ ಸಲ ಮರಿ ಸರಿ ಇರಲಿಲ್ಲ’ ಎಂಬ ಗೊಣಗಾಟವಾಗಿ ಮಾತ್ರ ಗೊತ್ತಾಗುತ್ತದೆ.

ಇನ್ನಷ್ಟು ಸಂಶೋಧನೆಗೆ ಕಾಯದೆ ಕೈಗೊಳ್ಳಬಹುದಾದ ಕ್ರಮಗಳು ಅಗ್ಗದವು. ನರ್ಸರಿ ಕೊಳಕ್ಕೆ ಮುಂಗಾರಿನ ಮೊದಲ ಹರಿವನ್ನು ಬಿಟ್ಟುಕೊಳ್ಳದಿರುವುದು, ಬದು ಎತ್ತರಿಸಿ ನೀರನ್ನು ಬಳಸಿ ಕಳಿಸುವುದು, ಸ್ಪಾನ್ ಬಿಡುವ ಮೊದಲು ಕೊಳದಲ್ಲಿ ಪ್ಲವಕ ಚೆನ್ನಾಗಿ ಬೆಳೆಯಲು ಸಮಯ ಕೊಡುವುದು. ಕೊಳಚೆ ನೀರಿನ ಸಂಸ್ಕರಣೆಯಲ್ಲಿ ಬಹುಪಾಲು ಕಣಗಳು ಕೆಸರಿಗೆ ಸೇರುತ್ತವೆ. ಆದ್ದರಿಂದ ಊರಿನ ಕೊಳಚೆ ನೀರು ಕೆರೆಗೆ ನೇರ ಬೀಳದಂತೆ ಮಾಡುವುದು ನ್ಯಾನೊ ಎಂಬ ಪದ ಬಳಸದೆಯೇ ನ್ಯಾನೊ ಸಮಸ್ಯೆಯ ದೊಡ್ಡ ಪಾಲನ್ನು ಕಡಿಮೆ ಮಾಡುತ್ತದೆ. ಆದರೆ ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋಗಿ ಮತ್ತೆ ಮಳೆಗೆ ಕೊಚ್ಚಿ ಬಂದರೆ ಸಮಸ್ಯೆ ಸುತ್ತಿ ಕೆರೆಗೇ ಮರಳುತ್ತದೆ. ಪರೀಕ್ಷೆಯನ್ನು 96 ಗಂಟೆಗೆ ನಿಲ್ಲಿಸದೆ, ಮರಿ ತಿನ್ನಲು ತೊಡಗಿದ ನಂತರದ ಒಂದೆರಡು ವಾರಕ್ಕೆ ವಿಸ್ತರಿಸಿ, ನಮ್ಮದೇ ಕಾಟ್ಲಾ, ರೋಹು ಮರಿಗಳ ಮೇಲೆ, ಶಾಂತಿಸಾಗರದಂಥ ಕೆರೆಯ ನೀರಿನಲ್ಲಿ ನಡೆಸುವುದು ದಾವಣಗೆರೆ ವಿಶ್ವವಿದ್ಯಾಲಯದಂಥ ಸಂಸ್ಥೆಗೆ ಎಟುಕದ ಕೆಲಸವೇನಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದುವ ಖರ್ಚು ಹತ್ತು ವರ್ಷಗಳ ಹಿಂದಿದ್ದಷ್ಟು ಈಗ ಇಲ್ಲ.

ತಿನ್ನುವವರ ಮಾತು

ಮೀನು ತಿನ್ನಬಹುದೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ತಿನ್ನಬಹುದು. ಕಣಗಳು ಹೆಚ್ಚು ಸೇರುವುದು ಕರುಳು, ಯಕೃತ್ತು, ಕಿವಿರುಗಳಲ್ಲಿ, ಮಾಂಸದಲ್ಲಿ ಕಡಿಮೆ. ಕಾಟ್ಲಾ, ರೋಹುಗಳನ್ನು ಅಂಗಡಿಯಲ್ಲೇ ಹೊಟ್ಟೆ ಸೀಳಿ ತೊಳೆದು ಕೊಡುತ್ತಾರೆ. ಇಡಿಯಾಗಿ ಹುರಿದು ತಿನ್ನುವ ಹಳ್ಳದ ಸಣ್ಣ ಮೀನು, ಸಂತೆಯ ಒಣಮೀನುಗಳಲ್ಲಿ ಕರುಳೂ ತಟ್ಟೆಗೆ ಬರುತ್ತದೆ. ಅಡುಗೆಗೆ ಮುಂಚೆ ಹೊಟ್ಟೆ ಒತ್ತಿ ತೆಗೆಯುವ ಅಭ್ಯಾಸ ಇರುವ ಮನೆಗಳಲ್ಲಿ ಅದೂ ಇಲ್ಲ.